ಬೆಟ್ಟ ಕಸಿದುಕೊಂಡ ಗಾಳಿ

ಆಗಸ್ಟ್ ೯

ಅಕ್ಕಾ,

ಕ್ಷೇಮ ಸಮಾಚಾರವೆಲ್ಲ ಆಯಿತು ಅಂದುಕೋ, ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ಆಸ್ಪತ್ರೆಯ ವ್ಯಾನಿಗೆ, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸುತ್ತಿದ್ದೇನೆ. ತಲೆಯ ಮೇಲೆ ಕೈ ಹೊತ್ತು ಕೂರಬೇಡ, ಪೂರ್ತಿ ಓದು.

ನೀನು ಈ ಊರು ನೋಡಿಲ್ಲ. ಕಲ್ಲುಗಣಿಯ ಕೆಲಸಗಾರರ ಮನೆಗಳು, ಒಂದು ಅಂಗಡಿ, ನಾಲ್ಕು ಹಾಸಿಗೆಯ ಆಸ್ಪತ್ರೆ, ಒಬ್ಬರು ಡಾಕ್ಟರಮ್ಮ, ಒಂದು ವ್ಯಾನು, ವ್ಯಾನಿಗೆ ನಾನು. ಕೊಯ್ದು ಹೊಲಿಯುವ ಕೆಲಸ ಏನೇ ಬಂದರೂ ದೊಡ್ಡಾಸ್ಪತ್ರೆಗೆ ಹೋಗಬೇಕು. ಅದು ಘಾಟಿಯ ಆಚೆ. ಘಾಟಿಯ ನೆತ್ತಿಯಲ್ಲಿ ಗಾಳಿ ಎಷ್ಟು ತೆಳುವೆಂದರೆ ಮನುಷ್ಯರೇ ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಾರೆ. ಇನ್ನು ನಮ್ಮ ಎಮ್ಮೆಯ ಪಾಡೇನು? (ಎಮ್ಮೆ ಅಂದರೆ ವ್ಯಾನು. ಇಲ್ಲಿಯವರು ಇಟ್ಟ ಹೆಸರು.) ಕಳೆದ ಸಲ ಕಾಲು ಮುರಿದವನನ್ನು ಮಲಗಿಸಿಕೊಂಡು ಹೋದಾಗ ಕೊನೆಯ ತಿರುವುಗಳಲ್ಲಿ ಅವನ ಹೆಂಡತಿ, ಅವನ ಅಣ್ಣ, ನರ್ಸು, ಮೂವರೂ ಇಳಿದು ತಳ್ಳಿದರು. ಕಾಲು ಮುರಿದವನು ಒಳಗಿನಿಂದಲೇ, "ನಾನೂ ಇಳೀಲಾ?" ಅಂದ.

ನವೆಂಬರ್ ಮುಗಿಯುವಷ್ಟರಲ್ಲಿ ಹಿಮ ಬಿದ್ದು ಘಾಟಿ ಮುಚ್ಚುತ್ತದೆ. ಅದಕ್ಕೆ ಮೊದಲು ಈ ವ್ಯಾನು ಮಲಗಿದ ರೋಗಿಯನ್ನು ಹೊತ್ತು, ಯಾರೂ ತಳ್ಳದೆ, ಎಲ್ಲೂ ನಿಲ್ಲದೆ ಆಚೆ ಇಳಿಯಬೇಕು. ಗಣಿಯ ಲಾರಿಯಲ್ಲಿ ಕರೆದೊಯ್ಯಬಹುದಲ್ಲ ಎನ್ನಬೇಡ. ಅದರಲ್ಲಿ ಗಟ್ಟಿಮುಟ್ಟಾದವನೇ ರೋಗಿಯಾಗಿ ಇಳಿಯುತ್ತಾನೆ.

ಗುಜರಿಗೆ ಹೋಗುತ್ತಿದ್ದ ಒಂದು ಡೀಸೆಲ್ ಕಾರಿನ ಟರ್ಬೊ ಸಿಕ್ಕಿದೆ. ಒಳಗಿನ ಚಕ್ರ ಬೆರಳಲ್ಲಿ ತಿರುಗಿಸಿದರೆ ರೇಷ್ಮೆಯ ಹಾಗೆ ತಿರುಗುತ್ತದೆ. ನನಗೆ ಬೇಕಾಗಿರುವುದು ನಿನ್ನ ಕಾರ್ಬೊರೇಟರ್ ಬುದ್ಧಿ. ಯಾವುದನ್ನು ಹಾಕಲಿ? ಟರ್ಬೊಗಿಂತ ಮೊದಲು ಇಡಲೋ, ಆಮೇಲೆ ಇಡಲೋ?

ನಾವು ಗಂಡಹೆಂಡತಿ ಇಬ್ಬರೂ ಚೆನ್ನಾಗಿದ್ದೇವೆ. ಅವಳು ನಿನ್ನನ್ನು ಕೇಳಿದಳು. ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ


ಆಗಸ್ಟ್ ೨೧

ತಮ್ಮಾ,

ನಿನ್ನ ಕಾಗದ ಓದಿದಾಗಿನಿಂದ ಒಲೆಯ ಮೇಲಿಟ್ಟ ಹಾಲು ಎರಡು ಸಲ ಉಕ್ಕಿಸಿದ್ದೇನೆ. ಟರ್ಬೊ ಸಿಡಿದರೆ? ಅದು ಕೆಂಪಗೆ ಕಾಯುತ್ತದಂತೆ, ಪಕ್ಕದಲ್ಲೇ ಪೆಟ್ರೋಲು. ಹತ್ತುವುದಕ್ಕೆ ಶಕ್ತಿ ಕೇಳಿದ್ದೀಯ, ಇಳಿಯುವುದಕ್ಕೆ ಬ್ರೇಕು ಹೇಗಿದೆ ಎಂದು ಒಂದು ಸಾಲು ಬರೆದಿಲ್ಲ. ನೀನು ಸ್ವೆಟರ್ ಹಾಕಿಕೊಳ್ಳುತ್ತಿದ್ದೀಯೋ ಇಲ್ಲವೋ ಅದನ್ನೂ ಬರೆದಿಲ್ಲ.

ನನಗೆ ಗೊತ್ತು, ರೋಗಿ ಗೀಗಿ ಎಲ್ಲ ನೆಪ. ನಿನಗೆ ಚಿಕ್ಕಂದಿನಿಂದ ವೇಗದ ಹುಚ್ಚು. ಆ ಮುದಿ ಇಂಜಿನ್ನಿಗೆ ಟರ್ಬೊ ಅಂದರೆ ಮೂಗಿಗಿಂತ ಮೂಗುತಿ ಭಾರ. ನಿನ್ನ ಭಾವನಿಗೆ ಓದಿ ಹೇಳಿದೆ. ಅವರು, "ಅದೇ ಟರ್ಬೊನ ನಿನ್ನ ಹೆದರಿಕೆಗೆ ಹಾಕಿಸಿದ್ರೆ ವ್ಯಾನಿಗಿಂತ ಮೊದ್ಲು ಅದೇ ಘಾಟಿ ದಾಟುತ್ತೆ ಬಿಡು" ಅಂದರು. ಇವರಿಗೆ ಎಲ್ಲವೂ ತಮಾಷೆ.

ನಾನು ಏಳನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಅಪ್ಪನ ಕಾರ್ಬೊರೇಟರ್ ರಿಪೇರಿಯ ಬೆಂಚಿಗೆ ಬಂದವಳು. ಪುಸ್ತಕದಲ್ಲಿ ಟರ್ಬೊ ಬಗ್ಗೆ ಏನಿದೆಯೋ ತಿಳಿಯದು. ಕಾರ್ಬೊರೇಟರ್ ಏನು ಕೇಳುತ್ತದೆ ಎಂಬುದಷ್ಟು ತಿಳಿದಿದೆ. ಅದು ಗಾಳಿಯನ್ನು ತಾನೇ ಎಳೆದುಕೊಳ್ಳಲು ಹುಟ್ಟಿದ ವಸ್ತು. ಆದ್ದರಿಂದ ಟರ್ಬೊಗಿಂತ ಮೊದಲು ಇಡು. ಗಾಳಿ ಕಾರ್ಬೊರೇಟರ್ ಮೂಲಕ ಬಂದು, ಪೆಟ್ರೋಲ್ ಬೆರೆಸಿಕೊಂಡು, ಆಮೇಲೆ ಟರ್ಬೊಗೆ ಹೋಗಲಿ. ಎಲ್ಲೂ ಪೆಟ್ರೋಲನ್ನು ಒತ್ತಡದಲ್ಲಿ ಕಟ್ಟಿಡುವ ಗೋಜಿಲ್ಲ. ಹಳೆಯ ಪಂಪೇ ಸಾಕು.

ಒಂದು ಮಾತು ನೆನಪಿಡು. ಬೆಟ್ಟ ಕಸಿದುಕೊಂಡ ಗಾಳಿಯನ್ನು ಮಾತ್ರ ಇಂಜಿನ್ನಿಗೆ ವಾಪಸ್ ಕೊಡು. ಅದಕ್ಕೆ ಬಡ್ಡಿ ಸೇರಿಸಬೇಡ. ಕೆಳಗಿನ ಊರಿನಲ್ಲಿ ಆ ಇಂಜಿನ್ ಹೇಗೆ ಉಸಿರಾಡುತ್ತಿತ್ತೋ ಅಷ್ಟೇ ಸಾಕು. ಅದಕ್ಕಿಂತ ಒಂದು ಗುಟುಕು ಹೆಚ್ಚು ಕೊಟ್ಟರೆ ಪಿಸ್ಟನ್ ಕರಗುತ್ತದೆ, ನನ್ನ ಜೀವವೂ ಕರಗುತ್ತದೆ.

ಬ್ರೇಕಿನ ಬಗ್ಗೆ ಬರೆ.

ಅಕ್ಕ


ಸೆಪ್ಟೆಂಬರ್ ೧೪

ಅಕ್ಕಾ,

ಬ್ರೇಕು ಚೆನ್ನಾಗಿದೆ. ಸ್ವೆಟರ್ ಹಾಕಿದ್ದೇನೆ.

ನೀನು ಹೇಳಿದಂತೆ ಮೊದಲೇ ಇಟ್ಟೆ. ಬಿಸಿಲಿರುವಾಗ ಪರವಾಗಿಲ್ಲ. ಬೆಳಗಿನ ಚಳಿಯಲ್ಲಿ ಮಾತ್ರ ಸ್ವಲ್ಪ ತಕರಾರು. ಸ್ವಲ್ಪ ಅಂದರೆ, ಕಾರ್ಬೊರೇಟರ್ ಮೈಮೇಲೆ ಬಿಳಿ ಮಂಜುಗಡ್ಡೆ ಕಟ್ಟುತ್ತದೆ. ಪೆಟ್ರೋಲ್ ಆವಿಯಾಗದೆ ಪೈಪಿನಲ್ಲೇ ನಿಂತು, ಆಮೇಲೆ ಒಟ್ಟಿಗೆ ನುಗ್ಗಿ, ಎಮ್ಮೆ ಕೆಮ್ಮಿ ನಿಲ್ಲುತ್ತದೆ. ಮೊನ್ನೆ ಊರ ಬಾಗಿಲಲ್ಲೇ ನಿಂತಿತು. ಡಾಕ್ಟರಮ್ಮ ಕಿಟಕಿಯಿಂದ ನೋಡಿ, "ಇದಕ್ಕೇ ಒಂದು ಹಾಸಿಗೆ ಹಾಕ್ಲಾ?" ಅಂದರು.

ಆದ್ದರಿಂದ ಕಾರ್ಬೊರೇಟರ್ ಟರ್ಬೊ ಆಚೆಗೇ ಹೋಗಬೇಕು. ಟರ್ಬೊದಿಂದ ಬರುವ ಗಾಳಿ ಬೆಚ್ಚಗಿರುತ್ತದೆ, ಮಂಜು ಕಟ್ಟುವ ಮಾತೇ ಇಲ್ಲ. ನನಗೆ ಅದರಲ್ಲಿ ಸಂಶಯವಿಲ್ಲ. ಒತ್ತಡದ ಗಾಳಿಯನ್ನು ತಡೆದುಕೊಳ್ಳುವ ಕಾರ್ಬೊರೇಟರನ್ನು ನೀನು ಮಾಡಿಕೊಡಬಲ್ಲೆ ಎಂಬುದರಲ್ಲೂ ಸಂಶಯವಿಲ್ಲ.

ಬೇಗ ಆಗಬೇಕು ಅಕ್ಕಾ. ಯಾಕೆ ಎಂದು ಕೇಳಬೇಡ.

ತಮ್ಮ


ಅಕ್ಟೋಬರ್ ೧

ತಮ್ಮಾ,

ಯಾಕೆ ಎಂದು ಕೇಳುವುದಿಲ್ಲ, ನನಗೆ ಅರ್ಥವಾಯಿತು. ಡಾಕ್ಟರಮ್ಮ ನಿನ್ನನ್ನು ಕೆಲಸದಿಂದ ತೆಗೆಯುವ ಯೋಚನೆಯಲ್ಲಿದ್ದಾರೆ. ವ್ಯಾನು ನಿಂತರೆ ಡ್ರೈವರ್ ಯಾಕೆ ಎಂದು. ಹೆದರಬೇಡ. ಹೆದರುವುದಕ್ಕೆ ನಾನಿದ್ದೇನೆ, ನೀನು ಕೆಲಸ ಮಾಡು.

ಉತ್ತರ ತಡವಾಗಿದ್ದಕ್ಕೆ ಕೋಪಿಸಿಕೊಂಡಿದ್ದೇನೆ ಅಂದುಕೊಂಡಿರುತ್ತೀ. ಕೋಪವಿಲ್ಲ, ಕೆಲಸವಿತ್ತು. ಪಕ್ಕದ ಟೈರ್ ಅಂಗಡಿಯವರನ್ನು ಕಾಡಿ ಬೇಡಿ, ಅವರ ಕಂಪ್ರೆಸರಿನಿಂದ ಪೈಪು ಎಳೆದು, ಮೂರು ಕಾರ್ಬೊರೇಟರುಗಳ ಬಾಯಿಗೆ ಗಾಳಿ ಒತ್ತಿ ನೋಡಿದೆ. ಮೊದಲನೆಯದು ಅಲ್ಲಾಡುವ ಅಕ್ಷದ ಎರಡೂ ತುದಿಯಿಂದ ಪೆಟ್ರೋಲ್ ಉಗುಳಿತು. ಎರಡನೆಯದರಲ್ಲಿ ಪೆಟ್ರೋಲಿನ ಮೇಲೆ ತೇಲುವ ಹಿತ್ತಾಳೆ ಫ್ಲೋಟು ಟೊಳ್ಳು, ಒತ್ತಡಕ್ಕೆ ಹಳೆಯ ಡಬ್ಬಿಯಂತೆ ನಗ್ಗಿತು. ಮೂರನೆಯದನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಇದು ಒಳ್ಳೆಯದು. ಗಾಳಿ ಹೋಗುವ ಕತ್ತು ಒಂದೇ, ದೊಡ್ಡದಲ್ಲ, ನಿನ್ನ ಇಂಜಿನ್ನಿಗೆ ಅಳತೆ ಸರಿ. ಎರಡು ಕತ್ತಿನದು ಹಾಕೋಣ ಎಂದು ನಿನಗೆ ಆಸೆಯಿರುತ್ತದೆ, ಬೇಡ. ನಿಧಾನ ಹತ್ತುವ ಗಾಡಿಗೆ ಸಣ್ಣ ಕತ್ತೇ ಒಳ್ಳೆಯದು, ಗಾಳಿ ಬಿರುಸಾಗಿ ಹೋಗಿ ಪೆಟ್ರೋಲನ್ನು ಚೆನ್ನಾಗಿ ಎತ್ತುತ್ತದೆ. ಫ್ಲೋಟು ಗಟ್ಟಿಯದು ಹಾಕಿದ್ದೇನೆ. ಅಕ್ಷದ ತುದಿಗಳಿಗೆ ಹೊಸ ಸೀಲು ಕೂರಿಸಿದ್ದೇನೆ. ಪೆಟ್ರೋಲನ್ನು ಅಳೆದು ಬಿಡುವ ತೂತಿನ ಜೆಟ್ಟುಗಳು ಕೆಳಗಿನ ಊರಿನ ಅಳತೆಯವು. ಯಾಕೆಂದರೆ ಟರ್ಬೊ ಇರುವವರೆಗೆ ತಾನು ಬೆಟ್ಟದ ಮೇಲಿದ್ದೇನೆ ಎಂದು ಈ ಕಾರ್ಬೊರೇಟರಿಗೆ ಗೊತ್ತೇ ಆಗಬಾರದು.

ಪಂಪಿನ ವಿಷಯ ಚೆನ್ನಾಗಿ ಓದು. ಟರ್ಬೊ ಎಷ್ಟು ಒತ್ತುತ್ತದೋ ಪೆಟ್ರೋಲ್ ಪಂಪು ಅದಕ್ಕಿಂತ ಒಂದು ಕೈ ಮೇಲೆ ಒತ್ತಬೇಕು. ಇಲ್ಲದಿದ್ದರೆ ಪೆಟ್ರೋಲು ಕಾರ್ಬೊರೇಟರ್ ಬಾಗಿಲಲ್ಲೇ ನಿಂತಿರುತ್ತದೆ, ಒಳಗೆ ಬರುವುದಿಲ್ಲ. ಅದಕ್ಕೇ ಹಳೆಯ ಪಂಪು ತೆಗೆದು ಕರೆಂಟಿನ ಪಂಪು ಹಾಕು. ಜೊತೆಗೆ ಕಳಿಸಿರುವ ರೆಗ್ಯುಲೇಟರಿನ ತಲೆಗೆ ಟರ್ಬೊ ಪೈಪಿನಿಂದ ಒಂದು ಸಣ್ಣ ಟ್ಯೂಬು ಕೊಡು. ಟರ್ಬೊ ಒತ್ತಿದಷ್ಟೂ ಅದು ಪೆಟ್ರೋಲನ್ನು ಒತ್ತುತ್ತದೆ, ಹೆಚ್ಚಾದದ್ದು ಟ್ಯಾಂಕಿಗೆ ಹಿಂದಿರುಗುತ್ತದೆ. ಪೈಪಿನ ಕ್ಲಿಪ್ಪುಗಳನ್ನು ಎರಡೆರಡು ಹಾಕು. ಬೆಂಕಿ ಆರಿಸುವ ಸಿಲಿಂಡರ್ ಸೀಟಿನ ಹಿಂದೆ ಇರಲಿ. ಮರಳಿನ ಬಕೆಟ್ಟೂ ಇರಲಿ. ಕಿಡಿ ಹಾರುವ ಟೈಮಿಂಗು ಸ್ವಲ್ಪ ಹಿಂದಕ್ಕೆ ತಿರುಗಿಸು. ಹತ್ತುವಾಗ ಇಂಜಿನ್ನಿನಲ್ಲಿ ಗಿಲಕಿ ಅಲ್ಲಾಡಿಸಿದ ಸದ್ದು ಬಂದರೆ ಆ ಕ್ಷಣ ಕಾಲು ತೆಗೆ. ಬ್ರೇಕ್ ಎಣ್ಣೆ ಬದಲಾಯಿಸಿದ್ದು ಯಾವಾಗ?

ಕಾಗದ ತುಂಬಿತು. ಕಾರ್ಬೊರೇಟರ್ ಮುಚ್ಚಳದಿಂದ ಬರುವ ಕಪ್ಪು ಟ್ಯೂಬನ್ನೂ ಟರ್ಬೊ ಆಚೆಯ ಪೈಪಿಗೇ ಸೇರಿಸು.

ಅಕ್ಕ

(ಅಂಚಿನಲ್ಲಿ, ಬೇರೆ ಕೈಬರಹ) ಭಾವಮೈದುನಾ, ನಿನ್ನಕ್ಕ ಬರೆಯದ ಒಂದು ವಿಷಯ. ಮೊದಲನೆಯದು ಪೆಟ್ರೋಲ್ ಉಗುಳಿದಾಗ ಹತ್ತಿರದಲ್ಲೇ ಬೆಸುಗೆಯ ಒಲೆ ಉರಿಯುತ್ತಿತ್ತು. ಈಗ ಅವಳಿಗೆ ಒಂದೇ ಹುಬ್ಬು. ನೋಡಲು ಪರವಾಗಿಲ್ಲ, ಯಾವಾಗಲೂ ಆಶ್ಚರ್ಯಪಟ್ಟ ಹಾಗಿರುತ್ತಾಳೆ. ನಾನು ಹೇಳಿದೆ ಎನ್ನಬೇಡ.


ಅಕ್ಟೋಬರ್ ೨೩

ಅಕ್ಕಾ,

ಹುಬ್ಬು ಬೆಳೆಯುತ್ತಿದೆಯಾ?

ಎಲ್ಲ ಕೂರಿಸಿದೆ. ಸಮತಟ್ಟು ರಸ್ತೆಯಲ್ಲಿ ಬೆಣ್ಣೆ. ಬೆಳಗಿನ ಚಳಿಯಲ್ಲೂ ಕೀಲಿಯ ಮೊದಲ ತಿರುವಿಗೇ ಇಂಜಿನ್ ಎದ್ದು ಕೂರುತ್ತದೆ. ಈ ವ್ಯಾನಿನ ಇಂಜಿನ್ ನನ್ನ ಪಕ್ಕದಲ್ಲೇ, ಎರಡು ಸೀಟಿನ ನಡುವಿನ ಪೆಟ್ಟಿಗೆಯೊಳಗೆ ಇರುವುದು ನಿನಗೆ ಗೊತ್ತಲ್ಲ, ಅದಕ್ಕೆ ಗಾಡಿ ನಿಲ್ಲಿಸಿದ ಮೇಲೆ ಒಳಗೆಲ್ಲ ಪೆಟ್ರೋಲ್ ವಾಸನೆ ತುಂಬುತ್ತಿತ್ತು. ಅದನ್ನೂ ಸರಿ ಮಾಡಿದೆ. ಈಗ ಒಳಗೆ ಹೂವಿನಂಗಡಿಯಂತಿದೆ.

ಆದರೆ ಘಾಟಿ ಹತ್ತುವಾಗ, ಟರ್ಬೊ ಸದ್ದು ಶುರುವಾಗಿ ಇನ್ನೇನು ಎಳೆಯಬೇಕು ಎನ್ನುವಾಗ ಇಂಜಿನ್ ಸತ್ತಂತಾಗುತ್ತದೆ. ಕಾಲು ತೆಗೆದರೆ ಬದುಕುತ್ತದೆ, ಒತ್ತಿದರೆ ಸಾಯುತ್ತದೆ. ಪ್ಲಗ್ಗು ಬಿಚ್ಚಿ ನೋಡಿದೆ, ಸುಣ್ಣದ ಹಾಗೆ ಬಿಳಿ. ಪೆಟ್ರೋಲ್ ಸಾಲುತ್ತಿಲ್ಲ ಎನ್ನುವುದು ಖಚಿತ. ಪಂಪು ಅಳೆದೆ, ನೀನು ಹೇಳಿದಂತೆ ಒಂದು ಕೈ ಮೇಲೇ ಇದೆ. ಆದ್ದರಿಂದ ದೊಡ್ಡ ಜೆಟ್ಟು ಕಳಿಸು, ಎರಡು ಅಳತೆಯವು. ಬೇಡ ಎನ್ನಬೇಡ, ಕಳಿಸು. ಎದುರಿನ ಶಿಖರಗಳ ಮೇಲೆ ಆಗಲೇ ಹಿಮ ಕೂತಿದೆ.

ತಮ್ಮ


ನವೆಂಬರ್ ೨

ತಮ್ಮಾ,

ಜೆಟ್ಟು ಕಳಿಸುವುದಿಲ್ಲ. ಜೆಟ್ಟು ಸರಿಯಾಗಿದೆ.

ನಿನ್ನ ಕಾಗದವನ್ನು ಬೆಂಚಿನ ಮೇಲಿಟ್ಟುಕೊಂಡು ಮತ್ತೆ ಮತ್ತೆ ಓದಿದೆ. ಪಂಪು ಸರಿ, ಜೆಟ್ಟು ಸರಿ, ಸಮತಟ್ಟಿನಲ್ಲಿ ಬೆಣ್ಣೆ, ಒತ್ತಿದರೆ ಸಾವು. ಆಮೇಲೆ ವಾಸನೆಯ ಮಾತು ಕಣ್ಣಿಗೆ ಬಿತ್ತು. ವಾಸನೆ ಹೇಗೆ ಸರಿ ಮಾಡಿದೆ ಎಂದು ನೀನು ಬರೆದಿಲ್ಲ. ನಾನು ಹೇಳಲಾ? ಮುಚ್ಚಳದ ಕಪ್ಪು ಟ್ಯೂಬನ್ನು ಟರ್ಬೊ ಪೈಪಿನಿಂದ ಕಿತ್ತು, ನೆಲದ ತೂತಿನಿಂದ ಇಳಿಸಿ, ಗಾಡಿಯ ಹೊರಗೆ ಬಿಟ್ಟಿದ್ದೀಯ. ವಾಸನೆ ಹೊರಗೆ ಹೋಗಲಿ ಎಂದು.

ಬೇರೆ ಯಾವ ಗಾಡಿಯಲ್ಲಾದರೂ ಅದು ತಪ್ಪಲ್ಲ, ನಾನೇ ಎಷ್ಟೋ ಗಾಡಿಗೆ ಹಾಗೆ ಮಾಡಿಕೊಟ್ಟಿದ್ದೇನೆ. ಇಲ್ಲಿ ಆಗದು. ನಾನು ಬಕೆಟ್ಟು, ಮರಳು, ಬ್ರೇಕ್ ಎಣ್ಣೆ ಎಂದು ಕಾಗದವೆಲ್ಲ ಹೆದರಿಕೆಗೇ ಖರ್ಚು ಮಾಡಿ, ಆ ಟ್ಯೂಬು ಯಾಕೆ ಎಂದು ಹೇಳಲು ಜಾಗವೇ ಉಳಿಸಲಿಲ್ಲ. ಈಗ ಕೇಳು. ಕಾರ್ಬೊರೇಟರ್ ಕತ್ತಿನಲ್ಲಿ ಟರ್ಬೊ ಗಾಳಿ ಎಷ್ಟು ಒತ್ತುತ್ತದೋ, ಮುಚ್ಚಳದ ಕೆಳಗಿನ ಬಟ್ಟಲಿನಲ್ಲಿ ನಿಂತ ಪೆಟ್ರೋಲಿನ ತಲೆಯ ಮೇಲೂ ಅಷ್ಟೇ ಒತ್ತಬೇಕು. ಆಗ ಎರಡೂ ಸಮ, ಪೆಟ್ರೋಲು ತನ್ನ ಪಾಡಿಗೆ ಜೆಟ್ಟಿನಿಂದ ಏರುತ್ತದೆ. ಬಟ್ಟಲಿಗೆ ಹೊರಗಿನ ತೆಳು ಗಾಳಿ, ಕತ್ತಿಗೆ ಟರ್ಬೊ ಗಾಳಿ ಎಂದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ. ನೀನು ಎಕ್ಸಿಲೇಟರ್ ಒತ್ತಿದಷ್ಟೂ ಪೆಟ್ರೋಲು ಹಿಂದಕ್ಕೇ ಹೋಗುತ್ತದೆ. ದೊಡ್ಡ ಜೆಟ್ಟು ಹಾಕಿದರೆ ಹಿಂದಕ್ಕೆ ಹೋಗಲು ದೊಡ್ಡ ಬಾಗಿಲು, ಅಷ್ಟೇ.

ಟ್ಯೂಬನ್ನು ಮೊದಲಿನ ಜಾಗಕ್ಕೇ ಸೇರಿಸು. ವಾಸನೆಗೆ ಬೇರೆ ದಾರಿಯಿದೆ. ದಪ್ಪ ಕಾರ್ಕಿನ ಗ್ಯಾಸ್ಕೆಟ್ಟು, ಇಂಜಿನ್ ಪೆಟ್ಟಿಗೆಯ ಅಂಚಿಗೆ ಅಂಟಿಸಲು ಉಣ್ಣೆಯ ಪಟ್ಟಿ ಕಳಿಸಿದ್ದೇನೆ. ಏರ್ ಕ್ಲೀನರಿನ ಬಾಯಿಯನ್ನು ಪೆಟ್ಟಿಗೆಯಿಂದ ಹೊರಗೆ, ಮುಂದಿನ ಬಂಪರಿನ ಹತ್ತಿರಕ್ಕೆ ಒಯ್ಯಿ. ಉಳಿದ ವಾಸನೆ ಆ ದಾರಿಯಲ್ಲಿ ಹೋಗುತ್ತದೆ.

ಇನ್ನೊಂದು ಮಾತು. ನೀನು ಪೆಟ್ರೋಲ್ ವಾಸನೆಯಲ್ಲೇ ಹುಟ್ಟಿದವನು. ತೊಟ್ಟಿಲಲ್ಲಿದ್ದಾಗ ಅಪ್ಪನ ಒರಸುವ ಬಟ್ಟೆ ಕಿತ್ತುಕೊಂಡರೆ ಅಳುತ್ತಿದ್ದೆ. ಕಾಲು ಮುರಿದವರು ವಾಸನೆಗೆ ತಕರಾರು ಮಾಡುವುದಿಲ್ಲ. ಗಣಿಯವರಂತೂ ಮಾಡುವುದೇ ಇಲ್ಲ. ಆ ವ್ಯಾನಿನಲ್ಲಿ ವಾಸನೆ ಆಗದವರು ಯಾರೋ ಹೋಗಲಿದ್ದಾರೆ. ಯಾರಿಗಾಗಿ ನೀನು ಗಾಡಿಯನ್ನು ಹೂವಿನಂಗಡಿ ಮಾಡುತ್ತಿದ್ದೀಯೋ ನನಗೆ ಗೊತ್ತಾಯಿತು. ಆಗಸ್ಟಿನಿಂದ ನಾನು ನಿನ್ನ ವೇಗವನ್ನೂ ನಿನ್ನ ಕೆಲಸವನ್ನೂ ನೆನೆದು ಹೆದರುತ್ತಿದ್ದೆ. ತಪ್ಪು ವಿಳಾಸಕ್ಕೆ ಹೆದರಿದ್ದೆ.

ನನಗೆ ಏನೂ ಬರೆಯಬೇಡ. ಟ್ಯೂಬು ಸರಿ ಮಾಡಿ, ಹತ್ತಿ ನೋಡಿ, ಪ್ಲಗ್ಗಿನ ಬಣ್ಣ ಬರೆ. ಅಷ್ಟು ಸಾಕು.

ಅಕ್ಕ


ನವೆಂಬರ್ ೧೨

ಅಕ್ಕಾ,

ಪ್ಲಗ್ಗಿನ ಬಣ್ಣ ಹಾಲು ಕಡಿಮೆ ಹಾಕಿದ ಚಹಾದ್ದು. ನಾಲ್ಕಕ್ಕೆ ನಾಲ್ಕೂ.

ನಿನ್ನೆ ಗಣಿಯ ಮೂವರು ದಪ್ಪನೆಯವರನ್ನು ಕೂರಿಸಿ, ಒಬ್ಬನನ್ನು ಹಿಂದೆ ಮಲಗಿಸಿ ಹತ್ತಿದೆ. ತಳ್ಳುವ ತಿರುವು ಬಂದಾಗ ಅಭ್ಯಾಸಬಲದಿಂದ ಒಬ್ಬ ಬಾಗಿಲು ತೆಗೆದ. "ಕೂತ್ಕೊಳೋ ಮಾರಾಯ, ಇಳಿದ್ರೆ ಹಿಂದೆ ಉಳೀತೀಯ" ಅಂದೆ. ಎಮ್ಮೆ ಒಂದೇ ಸಮ ಎಳೆಯಿತು. ನೆತ್ತಿಯಲ್ಲಿ ಇಂಜಿನ್ನಿನ ಸದ್ದು ನಮ್ಮ ಬೀದಿಯಲ್ಲಿದ್ದಂತೆಯೇ ಇತ್ತು. ಹಿಂದೆ ಮಲಗಿದ್ದವನು ನಿದ್ದೆ ಹೋಗಿದ್ದ, ಎಬ್ಬಿಸಿ ಇಳಿಸಬೇಕಾಯಿತು.

ಬರೆಯಬೇಡ ಎಂದಿದ್ದೀಯ, ಬರೆಯುತ್ತೇನೆ. ಅವಳಿಗೆ ಎಂಟನೇ ತಿಂಗಳು. ಹಿಂದಿನ ಸಲದ ಬಸಿರು ಕೈ ತಪ್ಪಿದ್ದರಿಂದ ಡಾಕ್ಟರಮ್ಮ ಇಷ್ಟು ದಿನ ಅವಳನ್ನು ಹಾಸಿಗೆಯಿಂದ ಏಳಗೊಡಲಿಲ್ಲ, ಘಾಟಿಯ ಮಾತು ಎತ್ತಗೊಡಲಿಲ್ಲ. ಈಗ ಹೋಗಬಹುದು, ಆದರೆ ಮಲಗಿಯೇ ಹೋಗಬೇಕು, ದಾರಿಯಲ್ಲಿ ಎಲ್ಲೂ ನಿಂತು ಚಳಿಗೆ ಸಿಕ್ಕಬಾರದು. ಹೆರಿಗೆ ಇಲ್ಲಿ ಆಗುವಂಥದ್ದಲ್ಲ. ನಿನಗೆ ಹೇಳಬೇಡಿ ಎಂದವಳು ಅವಳೇ. ಕಳೆದ ಸಲ ನೀನು ಬೀದಿಗೆಲ್ಲ ಹೇಳಿ ಸಂಭ್ರಮಪಟ್ಟೆ. ಆಮೇಲೆ ಆ ಸಂಭ್ರಮವನ್ನು ಮನೆಮನೆಯಿಂದ ಹಿಂದಕ್ಕೆ ಪಡೆಯುವ ಕೆಲಸ ಅವಳ ಪಾಲಿಗೇ ಬಿತ್ತು. "ಅತ್ತಿಗೆ ಹೆದರಿದ್ರೆ ನಂಗೂ ಹೆದರಿಕೆ ಆಗುತ್ತೆ ರೀ, ಗಟ್ಟಿಯಾಗೋ ತನಕ ಬೇಡ" ಅಂದಳು. ನಾನು ಹೂಂ ಅಂದೆ.

ನಾಡಿದ್ದು ಹೊರಡಬೇಕೆಂದಿದ್ದೆವು. ಡಾಕ್ಟರಮ್ಮ ಇನ್ನೊಂದು ವಾರ ಅಂದರು. ಆಕಾಶ ಸ್ವಚ್ಛವಾಗಿದೆ, ವಾರ ತಡೆಯುತ್ತದೆ. ದಾಟುತ್ತೇವೆ ಅಕ್ಕಾ. ನನಗೆ ಅನುಮಾನವಿಲ್ಲ. ಮುಂದಿನ ಕಾಗದ ದೊಡ್ಡಾಸ್ಪತ್ರೆಯ ವಿಳಾಸಕ್ಕೆ ಬರೆ.

ತಮ್ಮ


ನವೆಂಬರ್ ೧೯

ತಮ್ಮಾ,

ಇದು ದೊಡ್ಡಾಸ್ಪತ್ರೆಯ ವಿಳಾಸಕ್ಕೆ. ನೀವು ಅಲ್ಲಿ ಇರುತ್ತೀರಿ ಎಂದುಕೊಂಡೇ ಬರೆಯುತ್ತಿದ್ದೇನೆ.

ಯಾರಿಗೂ ಹೇಳಿಲ್ಲ. ನಿನ್ನ ಭಾವನಿಗೂ ಹೇಳಿಲ್ಲ. ಅವರು ನನ್ನ ಮುಖ ನೋಡಿ ನೋಡಿ, "ಏನಾಯ್ತೇ ನಿಂಗೆ? ನಾಲ್ಕು ದಿನದಿಂದ ಯಾವುದಕ್ಕೂ ಹೆದರ್ತಾನೇ ಇಲ್ಲ. ಮೈಗೆ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದರು.

ಹೆದರಿಕೆ ಇಲ್ಲವೆಂದಲ್ಲ. ರಸ್ತೆಯ ಹೆದರಿಕೆ ಇದೆ, ಹಿಮದ್ದು ಇದೆ, ಅವಳ ಮೈಯದು ಇದೆ. ಕಾರ್ಬೊರೇಟರಿನದು ಇಲ್ಲ. ಅದು ನನ್ನ ಕೈಯಿಂದ ಹೋದದ್ದು, ನಿನ್ನ ಕೈಯಲ್ಲಿ ಕೂತದ್ದು. ಹೆದರಿಕೆ ನನ್ನ ಹೊಟ್ಟೆಯಲ್ಲಿರುತ್ತದೆ, ಬೆರಳಿಗೆ ಇಳಿಯುವುದಿಲ್ಲ.

ಇದನ್ನು ಓದುವಾಗ ನೀನು ಇಳಿದೇ ಇರುತ್ತೀ, ಆದರೂ ಬರೆಯದೆ ಇರಲಾರೆ. ಕೆಳಗೆ ಇಳಿದ ಮೇಲೆ ಇಂಜಿನ್ನನ್ನು ತಕ್ಷಣ ಆರಿಸಬೇಡ. ಸ್ವಲ್ಪ ಹೊತ್ತು ಸುಮ್ಮನೆ ತಿರುಗಲಿ, ಟರ್ಬೊ ತಣ್ಣಗಾಗಲಿ. ಅವಳನ್ನು ಒಳಗೆ ಸೇರಿಸಿ ಬಂದು ಆಮೇಲೆ ಆರಿಸು.

ಅವಳಿಗೆ ಏನೂ ಹೇಳಬೇಡ. ನಾನು ಕೇಳಿದೆ ಎಂದೂ ಹೇಳಬೇಡ. ಅವಳು ಹೇಳುವ ತನಕ ನನಗೆ ಗೊತ್ತಿಲ್ಲ.

ಅಕ್ಕ


ನವೆಂಬರ್ ೨೪

ಅತ್ತಿಗೆಗೆ,

ನಿಮ್ಮ ಕಾಗದವನ್ನು ನಿಮ್ಮ ತಮ್ಮ ನನಗೇ ಕೊಟ್ಟರು. ಅವರಿಗೆ ಗುಟ್ಟು ಇಡಲು ಬರುವುದಿಲ್ಲ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇಷ್ಟು ತಿಂಗಳು ಹೇಗೆ ಇಟ್ಟುಕೊಂಡಿದ್ದರೋ.

ನಾವು ದಾಟಿದೆವು. ನಾನು ಮಲಗಿದ್ದೆ, ನರ್ಸು ಪಕ್ಕದಲ್ಲಿದ್ದರು. ಕಿಟಕಿಯಲ್ಲಿ ಬರೀ ಆಕಾಶ ಕಾಣುತ್ತಿತ್ತು. ಯಾವ ತಿರುವು, ಎಷ್ಟು ಎತ್ತರ ನನಗೆ ತಿಳಿಯಲಿಲ್ಲ. "ಘಾಟಿ ಯಾವಾಗ ಶುರುವಾಗುತ್ತೆ?" ಎಂದು ಕೇಳಿದೆ. "ಮುಗೀತು, ಇಳೀತಿದೀವಿ" ಅಂದರು ನಿಮ್ಮ ತಮ್ಮ. ಒಳಗೆ ಉಣ್ಣೆಯ ವಾಸನೆ ಮಾತ್ರ ಇತ್ತು. ಮರುದಿನವೇ ಮೇಲೆ ಹಿಮ ಬಿದ್ದು ದಾರಿ ಮುಚ್ಚಿತಂತೆ.

ಇಲ್ಲಿಯ ಡಾಕ್ಟರು ನೋಡಿದರು. ಮಗು ಚೆನ್ನಾಗಿದೆ, ಅಡ್ಡ ಮಲಗಿದೆ, ಕೊಯ್ದೇ ತೆಗೆಯಬೇಕು ಅಂದರು. ಅಲ್ಲಿಯವರೆಗೆ ನಾನು ಇಲ್ಲೇ ಇರಬೇಕು. ನಿಮ್ಮ ತಮ್ಮ ಹಗಲೆಲ್ಲ ಧೈರ್ಯದ ಮಾತಾಡುತ್ತಾರೆ. ಎಲ್ಲದಕ್ಕೂ "ಅನುಮಾನವೇ ಇಲ್ಲ" ಅನ್ನುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಹೆದರಿದರೆ ಅವರ ಮುಖ ಸಣ್ಣಗಾಗುತ್ತದೆ, ಅದಕ್ಕೆ ನಾನೂ ನಗುತ್ತೇನೆ. ಈ ಕೋಣೆಯಲ್ಲಿ ಹೆದರುವವರೇ ಇಲ್ಲ.

ನಿಮಗೆ ತಿಳಿಸಬೇಡಿ ಎಂದವಳು ನಾನು. ನೀವು ಹೆದರಿದರೆ ನನಗೆ ಭಾರವಾಗುತ್ತದೆ ಎಂದುಕೊಂಡಿದ್ದೆ. ಒಬ್ಬಳೇ ಹೊತ್ತು ನೋಡಿದ ಮೇಲೆ ಗೊತ್ತಾಯಿತು, ಅದೂ ಹಗುರವೇನಲ್ಲ.

ಹೊರಟು ಬನ್ನಿ ಅತ್ತಿಗೆ. ನಿಮ್ಮ ಕಡೆಯ ರಸ್ತೆ ತೆರೆದೇ ಇದೆ. ನನ್ನ ಮಂಚದ ಪಕ್ಕ ಒಂದು ಕುರ್ಚಿ ಇದೆ, ಹಿಡಿ ಗಟ್ಟಿಯಾಗಿದೆ. ಊರಿನಲ್ಲಿ ಒಬ್ಬರೇ ಕೂತು ಹೆದರುವ ಬದಲು ಇಲ್ಲಿ ನನ್ನ ಜೊತೆ ಕೂತು ಹೆದರಿ.